ಹಿಂದಿನ ಸೀಟಿನ ತೂಕ

ಜನವರಿ ೯

ಪುಟ್ಟಿ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಮೊದಲ ಸಾಲಿನಲ್ಲೇ "ಅಪ್ಪಾ, ಕಾರು ತಗೊಂಡೆ" ಎಂದು ಬರೆದಿದ್ದೀಯ. ಎರಡನೆಯ ಸಾಲು ಓದುವ ಮೊದಲು ನಾನು ಹೊಲಿಗೆ ಮೆಷಿನ್ ನಿಲ್ಲಿಸಿ, ಒಂದು ಲೋಟ ನೀರು ಕುಡಿದು, ಮತ್ತೆ ಬಂದು ಕೂತೆ. ಆಮೇಲೆ ಓದಿದೆ. ಪಂದ್ಯದ ಕಾರಿನ ವಂಶದ್ದು, ಆದರೆ ನಾಲ್ಕು ಬಾಗಿಲಿದೆ, ಮನೆಮಂದಿಯೆಲ್ಲ ಕೂರಬಹುದು ಎಂದಿದ್ದೀಯ. ನನಗೆ ಅರ್ಥವಾಗದ್ದೇ ಇದು. ಹಾಗೆ ಓಡಬೇಕು ಅನ್ನುವವರು ಮನೆಮಂದಿಯನ್ನು ಯಾಕೆ ಕೂರಿಸಿಕೊಳ್ಳಬೇಕು? ಮನೆಮಂದಿ ಇರುವವರು ಹಾಗೆ ಯಾಕೆ ಓಡಬೇಕು?

ಬೈಯುತ್ತಿಲ್ಲ. ಲಿಫ್ಟ್ ರಿಪೇರಿ ಕೆಲಸಕ್ಕೆ ನೀನು ಸೇರಿದಾಗಲೂ ನಾನು ಬೇಡ ಅನ್ನಲಿಲ್ಲ. ಅಂದೆ, ಆದರೆ ಮೆಲ್ಲಗೆ ಅಂದೆ. ಹತ್ತು ಅಂತಸ್ತಿನ ಬಾವಿಯಂಥ ಜಾಗದಲ್ಲಿ ನೀನು ಹಗ್ಗ ನೋಡುತ್ತ ನಿಂತಿರುತ್ತೀಯ ಎನ್ನುವುದು ಈಗ ಹೇಗೋ ಅಭ್ಯಾಸವಾಗಿದೆ. ಅದೊಂದು ಅಭ್ಯಾಸವಾಗುತ್ತಿದ್ದ ಹಾಗೆ ಇದು ಬಂತು.

ಬ್ರೇಕು ಸರಿಯಾಗಿ ಹಿಡಿಯುತ್ತದಾ? ಬಾಗಿಲು ಒಳಗಿನಿಂದ ತೆಗೆಯಬಹುದಾ? ಯಾರು ಓಡಿಸುತ್ತಿದ್ದ ಕಾರು? ಅವರು ಯಾಕೆ ಮಾರಿದರು? ಅವರು ಚೆನ್ನಾಗಿದ್ದಾರಾ?

ಎಲ್ಲದಕ್ಕೂ ಕಾಗದದಲ್ಲೇ ಉತ್ತರ ಬರೆ. ಫೋನ್ ಮಾಡಬೇಡ. ಫೋನು ಕೆಟ್ಟ ಸುದ್ದಿಗೆ, ಕಾಗದ ಉಳಿದದ್ದಕ್ಕೆಲ್ಲ ಎಂದು ನಾವು ಮಾಡಿಕೊಂಡದ್ದನ್ನು ಮರೆಯಬೇಡ. ಹೋದ ವರ್ಷ ಯಾರೋ ತಪ್ಪು ನಂಬರಿಗೆ ಮಾಡಿದ ಫೋನು ಗಂಟೆ ಹೊಡೆದಾಗ ನಾನು ಒಬ್ಬ ಗುಮಾಸ್ತರ ಪ್ಯಾಂಟಿನ ಎರಡೂ ಕಾಲನ್ನು ಸೇರಿಸಿ ಹೊಲಿದುಬಿಟ್ಟೆ. ಕಾಗದ ಬಂದರೆ ಮಗಳು ಕೂತು ಬರೆಯುವಷ್ಟು ಸೌಖ್ಯವಾಗಿದ್ದಾಳೆ ಎಂದು ಗೊತ್ತಾಗುತ್ತದೆ, ಕವರು ಒಡೆಯುವ ಮೊದಲೇ.

ನಿಧಾನವಾಗಿ ಓಡಿಸು. ಸಾಧ್ಯವಾದರೆ ಓಡಿಸಲೇಬೇಡ.

ನಿನ್ನ ಅಪ್ಪ

ಕೆಳಗಿನದು ಅಮ್ಮ ಬರೆದದ್ದು: ಇವರ ಪ್ರಶ್ನೆಗಳನ್ನ ಬಿಡು. ಯಾವ ಬಣ್ಣ?


ಜನವರಿ ೨೧

ಅಪ್ಪಾ, ಅಮ್ಮಾ,

ಅಮ್ಮನ ಪ್ರಶ್ನೆಗೆ ಮೊದಲು: ನೀಲಿ. ಸೂರ್ಯ ಮುಳುಗಿ, ದೀಪ ಹಚ್ಚುವ ಮೊದಲು ಆಕಾಶಕ್ಕಿರುತ್ತದಲ್ಲ, ಆ ನೀಲಿ.

ಇನ್ನು ಅಪ್ಪನಿಗೆ. ಬ್ರೇಕು ಹಿಡಿಯುತ್ತದೆ. ಬಾಗಿಲು ಒಳಗಿನಿಂದಲೂ ತೆಗೆಯುತ್ತದೆ. ಮುಂಚಿನ ಯಜಮಾನರು ಹಲ್ಲಿನ ಡಾಕ್ಟರು. ಅವಳಿ ಮಕ್ಕಳಾದವು, ದೊಡ್ಡ ಗಾಡಿ ಬೇಕಾಯಿತು, ಅದಕ್ಕೆ ಮಾರಿದರು. ಚೆನ್ನಾಗಿದ್ದಾರೆ, ನಿದ್ದೆಯಿಲ್ಲ ಅಷ್ಟೆ. ಎಂಜಿನ್ನನ್ನು ಹಲ್ಲಿನ ಹಾಗೆ ನೋಡಿಕೊಂಡಿದ್ದಾರೆ, ಚಕ್ರಗಳನ್ನು ಮಾತ್ರ ನೋಡಿಕೊಂಡಿಲ್ಲ. ಒಂದು ರಿಮ್ಮು ಯಾವುದೋ ಗುಂಡಿಗೆ ಬಿದ್ದು ಸೊಟ್ಟಗಾಗಿದೆ. ಸ್ವಲ್ಪ ಜೋರು ಹೋದರೆ ಸ್ಟೇರಿಂಗು ಚಳಿ ಬಂದವರ ಹಾಗೆ ನಡುಗುತ್ತದೆ. ಟೈರುಗಳೂ ಬೋಳಾಗಿವೆ.

ಹೆದರಬೇಡಿ. ಅದಕ್ಕೇ ನಾಲ್ಕನ್ನೂ ಬದಲಾಯಿಸುತ್ತಿದ್ದೇನೆ.

ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಚಕ್ರದ ಅಂಗಡಿಯೊಂದಿದೆ. ನಡೆಸುವವರು ಒಬ್ಬ ಹೆಂಗಸು, ಎಲ್ಲರ ಬಾಯಲ್ಲೂ ಚಕ್ರದಕ್ಕ. ಗೋಡೆ ತುಂಬ ಮೊಳೆ ಹೊಡೆದು ಅಲಾಯ್ ವೀಲುಗಳನ್ನು ನೇತುಹಾಕಿದ್ದಾರೆ. ಒಳಗೆ ಕಾಲಿಟ್ಟರೆ ದೊಡ್ಡ ದೊಡ್ಡ ಒಡವೆಗಳ ಅಂಗಡಿಗೆ ಬಂದ ಹಾಗಿರುತ್ತದೆ. ಅಲ್ಲಿ ನಾಲ್ಕರ ಒಂದು ಸೆಟ್ಟು ಇದೆ, ಕಂಚಿನ ಬಣ್ಣ, ಹತ್ತು ತೆಳ್ಳನೆಯ ಕಡ್ಡಿ, ಹತ್ತೊಂಬತ್ತು ಇಂಚು. ಈಗ ಕಾರಿಗಿರುವುದು ಹದಿನೇಳು. ಚಕ್ರ ದೊಡ್ಡದಾದಷ್ಟು ಸುತ್ತಲಿನ ರಬ್ಬರು ತೆಳ್ಳಗಾಗುತ್ತದೆ, ಒಟ್ಟು ಎತ್ತರ ಅಷ್ಟೇ ಇರಬೇಕಲ್ಲ. ನೀಲಿ ಕಾರಿಗೆ ಆ ಕಂಚು! ಮೂರು ದಿನ ದಾರಿ ಬದಲಾಯಿಸಿ ಹೋದೆ, ನೋಡಿದರೆ ಕೊಂಡುಬಿಡುತ್ತೇನೆ ಎಂದು. ನಾಲ್ಕನೆಯ ದಿನ ಹೋಗಿ ಮುಟ್ಟಿಬಂದೆ.

ಈಗ ಮುಖ್ಯ ವಿಷಯ. ಏಪ್ರಿಲ್ ಮೊದಲ ವಾರ ನನಗೆ ರಜೆ. ಹೊಸ ಚಕ್ರ ಹಾಕಿಸಿಕೊಂಡು ಮನೆಗೆ ಬಂದು ನಿಮ್ಮಿಬ್ಬರನ್ನೂ ಕೂರಿಸಿಕೊಂಡು ಇಲ್ಲಿಗೆ ಬರುತ್ತೇನೆ. ಅಪ್ಪಾ, ನಾನು ಇಲ್ಲಿಗೆ ಬಂದು ಏಳು ವರ್ಷವಾಯಿತು. ನನ್ನ ರೂಮಿನ ಕಿಟಕಿ ಯಾವ ಕಡೆಗಿದೆ ಎಂದೂ ನಿಮಗೆ ಗೊತ್ತಿಲ್ಲ. ಬಸ್ಸು ಹತ್ತುವುದಿಲ್ಲ ಅಂತೀರಿ. ನಿಮ್ಮನ್ನು ಬಿಟ್ಟು ಅಮ್ಮ ಬರುವುದಿಲ್ಲ ಅಂತಾಳೆ. ಬೇರೆಯವರ ಬಸ್ಸು ಬೇಡ, ಮಗಳ ಕಾರಿನಲ್ಲಿ ಕೂರಬಹುದಲ್ಲ?

ನಿಮ್ಮ ಪುಟ್ಟಿ


ಫೆಬ್ರವರಿ ೪

ಪುಟ್ಟಿ,

ಗಾಳಿಯಣ್ಣನ ಹತ್ತಿರ ಹೋಗಿದ್ದೆ. ನಮ್ಮ ಎದುರಿನ ಪಂಕ್ಚರ್ ಅಂಗಡಿಯಲ್ಲಿ ಕೂತು ನಿನ್ನ ಸೈಕಲ್ಲಿಗೆ ಗಾಳಿ ಹಾಕಿಕೊಡುತ್ತಿದ್ದವನು, ಈಗ ಕಾರಿನ ಟೈರನ್ನೂ ಮಾಡುತ್ತಾನೆ. ಹಾಗಾಗಿ ಸ್ವಲ್ಪ ಜಂಬ ಬಂದಿದೆ.

"ಹತ್ತೊಂಬತ್ತಾ?" ಅಂದ. "ನಿನ್ನ ಮಗಳು ಕಾರಿಗೆ ಟೈರು ಹಾಕಿಸ್ತಾಳೋ, ಬಳೆ ತೊಡಿಸ್ತಾಳೋ?"

"ಯಾಕೆ, ಅಪಾಯವಾ?"

"ಅಪಾಯ ಅಲ್ಲ ಮಾರಾಯ. ರಬ್ಬರು ತೆಳ್ಳಗಿದ್ರೆ ಗುಂಡಿ ಏಟು ನೇರ ರಿಮ್ಮಿಗೆ. ಅಲ್ಲಿಂದ ಕೂತವರ ಸೊಂಟಕ್ಕೆ."

"ಹೆದರೋದಕ್ಕೆ ಇನ್ನೇನಾದ್ರೂ ಇದೆಯಾ?"

"ಬೇಕಾದಷ್ಟಿದೆ, ಕೂತ್ಕೋ."

ಕೂತೆ. ಅವನು ಆಫ್‌ಸೆಟ್ ಎನ್ನುವುದೊಂದನ್ನು ಹೇಳಿದ. ಚಕ್ರ ಮಡ್‌ಗಾರ್ಡಿನ ಒಳಕ್ಕೆ ಎಷ್ಟು ಕೂರುತ್ತದೆ, ಹೊರಕ್ಕೆ ಎಷ್ಟು ಬರುತ್ತದೆ ಎನ್ನುವ ಅಳತೆಯಂತೆ. ಮೊದಲು ತಲೆಗೆ ಹೋಗಲಿಲ್ಲ. ಆಮೇಲೆ ಕೋಟಿಗೆ ತೋಳು ಕೂರಿಸುವುದು ನೆನಪಾಯಿತು. ತೋಳು ಅದೇ, ಬಟ್ಟೆ ಅದೇ. ಭುಜದಿಂದ ಅರ್ಧ ಇಂಚು ಹೊರಗೆ ಕೂರಿಸಿದರೆ ಕೋಟು ಎರವಲು ತಂದ ಹಾಗೆ ಕಾಣುತ್ತದೆ, ಅರ್ಧ ಇಂಚು ಒಳಗೆ ಹೋದರೆ ಕಂಕುಳು ಹಿಡಿಯುತ್ತದೆ. ಅದೇ ತಾನೇ? ಗಾಳಿಯಣ್ಣ ಅದೇ ಅಂದ. ಅವನು ಕೋಟು ಹಾಕಿಕೊಂಡವನಲ್ಲ, ಆದರೂ ಅಂದ.

ಹಾಗಾದರೆ ನನ್ನದೊಂದು ಮಾತು ಕೇಳು. ಟ್ರಯಲ್ ನೋಡದೆ ನಾನು ಯಾರಿಗೂ ಕೋಟು ಕೊಟ್ಟವನಲ್ಲ. ಕನ್ನಡಿ ಮುಂದೆ ನಿಲ್ಲಿಸಿ ನೋಡಿದರೆ ಸಾಲದು, ನಿಂತಾಗ ಎಲ್ಲ ಕೋಟೂ ಚೆಂದವೇ. ಕೂರಿಸಬೇಕು, ಬಗ್ಗಿಸಬೇಕು, ಎರಡೂ ಕೈ ಎತ್ತಿಸಬೇಕು. ಆ ಚಕ್ರವನ್ನು ಹಾಗೆ ಟ್ರಯಲ್ ನೋಡದೆ ಒಪ್ಪಬೇಡ. ತಿರುಗಿಸಿ ನೋಡು, ಉಬ್ಬು ಹತ್ತಿಸಿ ನೋಡು, ಜನ ಕೂರಿಸಿ ನೋಡು.

ಇದರ ಜೊತೆ ಒಂದು ಪಾರ್ಸಲ್ ಕಳಿಸಿದ್ದೇನೆ. ಕಾರು ನಿಂತಿರುವಾಗ ಹೊಸ ಚಕ್ರಗಳ ಮೇಲೆ ಬಿಸಿಲು ಧೂಳು ಬೀಳಬಾರದೆಂದು ನಾಲ್ಕು ಕವರು ಹೊಲಿದೆ. ಬೂದು ಕ್ಯಾನ್ವಾಸು, ಬಾಯಿಗೆ ಎಲಾಸ್ಟಿಕ್, ಸುತ್ತ ಎರಡೆರಡು ಸಾಲು ಹೊಲಿಗೆ. ನೀನು ಹತ್ತೊಂಬತ್ತು ಎಂದು ಬರೆದಿದ್ದೆಯಲ್ಲ, ಸಡಿಲಕ್ಕೆ ಅರ್ಧ ಇಂಚು ಸೇರಿಸಿ ಕತ್ತರಿಸಿದ್ದೇನೆ. ಸರಿಯಾಗಿ ಕೂರುತ್ತದೆ. ಇದೊಂದರ ಬಗ್ಗೆ ನನಗೆ ಚಿಂತೆಯಿಲ್ಲ.

ಏಪ್ರಿಲಿನ ಮಾತು ಏಪ್ರಿಲಿಗೆ ನೋಡೋಣ.

ನಿನ್ನ ಅಪ್ಪ

ಅಮ್ಮನದು: ಚಿಂತೆಯಿಲ್ಲ ಅಂತ ಇವರು ಬರೆದದ್ದನ್ನ ನಾನು ಇದೇ ಮೊದಲು ನೋಡ್ತಿರೋದು. ಈ ಕಾಗದ ಜೋಪಾನವಾಗಿ ಇಟ್ಕೋ.


ಫೆಬ್ರವರಿ ೨೦

ಅಪ್ಪಾ,

ಪಾರ್ಸಲ್ ಬಂತು. ಅಂಗಡಿಗೇ ತೆಗೆದುಕೊಂಡು ಹೋಗಿ ಎಲ್ಲರೆದುರು ಬಿಚ್ಚಿದೆ. ಹೊಲಿಗೆ ನೋಡಿ ಚಕ್ರದಕ್ಕ ಕನ್ನಡಕ ಹಾಕಿಕೊಂಡರು, ಅಂಚನ್ನು ಎಳೆದೆಳೆದು ನೋಡಿದರು. "ಯಾರು ಹೊಲಿದಿದ್ದು ಇದನ್ನ? ಎಂಜಿನ್ ಜೋಡಿಸೋರು ಹೊಲಿದ ಹಾಗಿದೆ" ಅಂದರು. ನಾನು ಬೀಗುತ್ತ ಒಂದು ಕವರನ್ನು ಟೈರು ಹಾಕಿಟ್ಟಿದ್ದ ಚಕ್ರಕ್ಕೆ ತೊಡಿಸಲು ಹೋದೆ.

ಅಪ್ಪಾ, ಹತ್ತೊಂಬತ್ತು ಅನ್ನುವುದು ರಿಮ್ಮಿನ ಲೆಕ್ಕ. ಅದರ ಸುತ್ತ ಟೈರು ಬಂದ ಮೇಲೆ ಹೆಚ್ಚುಕಡಿಮೆ ಇಪ್ಪತ್ತಾರು ಇಂಚಾಗುತ್ತದೆ. ನಿಮ್ಮ ಕವರು ಚಕ್ರದ ನಡುವೆ ಕೂತದ್ದು, ಕೂಸಿನ ಕುಲಾವಿಯನ್ನು ಸೋದರಮಾವನ ತಲೆಗಿಟ್ಟ ಹಾಗಿತ್ತು. ಅಂಗಡಿಯಲ್ಲಿ ಚಕ್ರಗಳಿಗೆ ಬಣ್ಣ ಹೊಡೆಯುವ ಪೇಂಟರು ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟ. ನಾನೂ ನಕ್ಕೆ. ತಪ್ಪು ನನ್ನದೇ, ಟೈರಿನ ಅಳತೆ ಬರೆಯಬೇಕಿತ್ತು.

ಆದರೆ ಮುಂದೆ ಕೇಳಿ. ಗಿರಾಕಿಗಳು ಕಾಯಲು ಕೂರುವ ನಾಲ್ಕು ದುಂಡು ಸ್ಟೂಲುಗಳಿವೆ ಅಲ್ಲಿ, ರೆಕ್ಸಿನ್ ಹರಿದು ಸ್ಪಂಜು ಹೊರಗೆ ಬಂದಿತ್ತು. ಚಕ್ರದಕ್ಕ ಏನು ಹೊಳೆಯಿತೋ, ಒಂದು ಕವರು ತೆಗೆದು ಸ್ಟೂಲಿಗೆ ಎಳೆದರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು! ನಾಲ್ಕಕ್ಕೂ ಹಾಕಿದರು.

"ನನ್ನ ಸ್ಟೂಲಿನ ಅಳತೆ ನಿಮ್ಮಪ್ಪನಿಗೆ ಯಾರು ಹೇಳಿದ್ದು?" ಅಂದರು. ವಾಪಸ್ ಕೊಡುವುದಿಲ್ಲವಂತೆ.

ಟ್ರಯಲ್ ವಿಷಯದಲ್ಲಿ ಅವರೂ ನಿಮ್ಮ ಪೈಕಿಯೇ. ಗೋಡೆಯಿಂದ ಇಳಿಸಿ ಕೊಟ್ಟುಬಿಡಿ ಎಂದು ನಾನು ಅವಸರ ಮಾಡಿದರೆ, "ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ?" ಎಂದು ಕೇಳಿದರು. ಅಪ್ಪ ಅಮ್ಮ ಅಂದೆ. "ಅವರ ತೂಕ ಕೇಳ್ಕೊಂಡು ಬಾ. ಅಷ್ಟು ತೂಕ ಕೂರಿಸಿ ನೋಡದೆ ನಾನು ಕೊಡಲ್ಲ" ಅಂದರು.

ಆದ್ದರಿಂದ ಇಬ್ಬರೂ ತೂಕ ಬರೆದು ಕಳಿಸಿ. ಅಮ್ಮಾ, ನಿಜವಾದದ್ದು.

ಪುಟ್ಟಿ


ಫೆಬ್ರವರಿ ೨೮

ಪುಟ್ಟಿ,

ಕವರಿನ ಸುದ್ದಿ ಓದಿ ನಾಚಿಕೆಯಿಂದ ಎರಡು ದಿನ ಗಾಳಿಯಣ್ಣನ ಕಡೆ ನೋಡಲಿಲ್ಲ. ಆಮೇಲೆ ಅವನಿಗೆ ಹೇಳಿದೆ. ಅವನು ನಕ್ಕ ರೀತಿಗೆ ಪೇಂಟರು ನಕ್ಕದ್ದು ಏನೂ ಅಲ್ಲ. ತೊಡುವವರನ್ನು ನೋಡದೆ ಬರಿ ಮಾತಿನ ಮೇಲೆ ಅಳತೆ ಹಿಡಿದು ನಾನು ಬಟ್ಟೆಗೆ ಕತ್ತರಿ ಹಾಕಿದ್ದು ಇದೇ ಮೊದಲು. ಕಾರನ್ನು ನೋಡಿದ್ದರೆ ಹಾಗಾಗುತ್ತಿರಲಿಲ್ಲ. ಹಾಗೆಂದು ಕಾರು ನೋಡಲು ಬರುತ್ತೇನೆ ಎಂದಲ್ಲ.

ಹಳೇ ಪೇಪರಿನವನ ತಕ್ಕಡಿಯ ಮೇಲೆ ನಿಂತೆ. ಐವತ್ತೆಂಟು ಕಿಲೋ. ಕನ್ನಡಕ, ಚಪ್ಪಲಿ, ಜೇಬಿನ ಕತ್ತರಿ ಸೇರಿ.

ನಿನ್ನಮ್ಮ ತಕ್ಕಡಿ ಹತ್ತುವುದಿಲ್ಲ ಎಂದು ಕೂತಿದ್ದಾಳೆ. ಅವಳ ಭುಜ, ತೋಳು, ಸೊಂಟ ಎಲ್ಲ ಅಳತೆಯೂ ನನಗೆ ಬಾಯಿಪಾಠ. ತೂಕ ಮಾತ್ರ ಮದುವೆಯಾದಂದಿನಿಂದ ಗುಟ್ಟು. ಅಂದಾಜಿಗೆ ಅರವತ್ತು ಎಂದು ಇಟ್ಟುಕೋ. ಹಾಗಂದಾಗ ಅವಳು ನಕ್ಕು ಒಳಗೆ ಹೋದಳು, ಅದು ಯಾಕೋ ಸರಿ ಕಾಣಲಿಲ್ಲ.

ತೂಕ ಕೊಟ್ಟಿದ್ದೇವೆ ಎಂದ ಮಾತ್ರಕ್ಕೆ ಕೂರುತ್ತೇವೆ ಎಂದು ತಿಳಿಯಬೇಡ. ಲೆಕ್ಕಕ್ಕೆ ಕೊಟ್ಟದ್ದು.

ನಿನ್ನ ಅಪ್ಪ

ಒಳಗೆ ಮಡಚಿಟ್ಟ ಚೀಟಿ: ಎಪ್ಪತ್ತೊಂದು. ಇವರಿಗೆ ಹೇಳಿದ್ರೆ ನೋಡು. ನೀನು ಎಪ್ಪತ್ತೈದು ಅಂತ ಹಿಡಿ, ದಾರಿಗೆ ತಿಂಡಿ ಕಟ್ಕೋತೀನಲ್ಲ. ಅಮ್ಮ.


ಮಾರ್ಚ್ ೧೪

ಅಪ್ಪಾ, ಅಮ್ಮಾ,

ಟ್ರಯಲ್ ಆಯಿತು.

ಮೊದಲು ಕಂಚಿನ ಹತ್ತೊಂಬತ್ತನ್ನು ನಾಲ್ಕೂ ಕಡೆ ಹಾಕಿ ನಾನೊಬ್ಬಳೇ ಓಡಿಸಿದೆ. ಹೇಗೆ ಹೇಳಲಿ! ಸ್ಟೇರಿಂಗಿನ ಚಳಿ ಬಿಟ್ಟುಹೋಗಿತ್ತು. ಬೆರಳಿನಲ್ಲಿ ತೋರಿಸಿದ ಕಡೆ ಕಾರು ತಿರುಗುತ್ತಿತ್ತು. ಬೀದಿಯ ಕೊನೆಯ ಗಾಜಿನಂಗಡಿಯಲ್ಲಿ ಕಾರಿನ ಬಿಂಬ ಕಂಡು, ಯಾರಪ್ಪ ಇವರು ಎಂದು ನಾನೇ ದಾರಿ ಬಿಡಲು ಹೋದೆ.

ವಾಪಸ್ ಬಂದ ಮೇಲೆ ಚಕ್ರದಕ್ಕ, "ಈಗ ಅಪ್ಪ ಅಮ್ಮ ಹತ್ತಲಿ" ಅಂದರು. ಅಪ್ಪನ ಜಾಗಕ್ಕೆ ಪೇಂಟರು. ಅವನದು ಐವತ್ತಾರು, ಹಾಗಾಗಿ ಮಡಿಲಲ್ಲಿ ಒಂದು ಡಬ್ಬ ನಟ್ಟು. ಅಮ್ಮನ ಜಾಗಕ್ಕೆ ಅಂಗಡಿಯ ಲೆಕ್ಕ ಬರೆಯುವವರು. "ನಾನು ಅಮ್ಮ ಆಗಲ್ಲ" ಎಂದು ಸ್ವಲ್ಪ ಗಲಾಟೆ ಮಾಡಿದರು. ಕಾಫಿ ಕೊಡಿಸುತ್ತೇನೆ ಅಂದ ಮೇಲೆ ಆದರು. ಪೇಂಟರು ಹತ್ತಿದ್ದೇ ತಡ, "ನಿಧಾನ, ನಿಧಾನ, ಎದುರಿಗೆ ನಾಯಿ, ಅಯ್ಯೋ" ಎಂದು ಶುರುಮಾಡಿದ. ನಾನು ಹೇಳಿಕೊಟ್ಟಿರಲಿಲ್ಲ ಅಪ್ಪಾ. ಆ ಸೀಟಿನ ಗುಣವೇ ಇರಬೇಕು.

ಅಂಗಡಿ ಮುಂದಿನ ಉಬ್ಬು ಹತ್ತಿ ತಿರುಗಿಸಿದೆ. ಹಿಂದಿನಿಂದ "ಸರ್ರ್" ಎಂದು ಸದ್ದು ಬಂತು. ಮತ್ತೆ ತಿರುಗಿಸಿದೆ, ಮತ್ತೆ ಸರ್ರ್. ಹಿಂದೆ ಭಾರ ಬಿದ್ದಾಗ ಕಾರು ಕೂರುತ್ತದೆ, ಆಗ ಮಡ್‌ಗಾರ್ಡಿನ ಅಂಚು ಟೈರಿಗೆ ತಾಗುತ್ತದೆ. ಚಕ್ರದಕ್ಕ ಬಗ್ಗಿ ಬೆರಳಿನಲ್ಲಿ ಸವರಿ ನೋಡಿದರು, ಕರಿ ಗೀರು ಬಿದ್ದಿತ್ತು.

"ನೀನೊಬ್ಬಳೇ ಓಡಿಸ್ತೀಯಾದ್ರೆ ಕಣ್ಣು ಮುಚ್ಕೊಂಡು ಇದನ್ನೇ ತಗೋ" ಅಂದರು. "ನನ್ನ ಅಂಗಡೀಲಿ ಇದಕ್ಕಿಂತ ಚೆಂದದ್ದಿಲ್ಲ. ಹಿಂದೆ ಜನ ಕೂರ್ತಾರೆ ಅಂದ್ರೆ ಮಾತ್ರ ಬೇಡ. ಯೋಚನೆ ಮಾಡು, ಅವಸರ ಇಲ್ಲ."

ನಿಮ್ಮ ಕವರು ಹಾಕಿದ ಸ್ಟೂಲಿನ ಮೇಲೆ ಹೋಗಿ ಕೂತೆ. ಸುತ್ತ ಎರಡೆರಡು ಸಾಲು ಹೊಲಿಗೆ ಇದೆ ಎಂದು ಬರೆದಿದ್ದಿರಿ, ಆಗ ಸರಿಯಾಗಿ ನೋಡಿದೆ.

ಹದಿನೆಂಟು ಇಂಚಿನದು ತಗೊಂಡೆ. ಬೂದು ಬಣ್ಣ. ಐದೇ ಕಡ್ಡಿ, ದಪ್ಪ.

ಅದನ್ನೂ ಟ್ರಯಲ್ ನೋಡಿದೆವು. ಅದೇ ಅಪ್ಪ, ಅದೇ ಅಮ್ಮ, ಅದೇ ಉಬ್ಬು. ಸದ್ದಿಲ್ಲ. ಪೇಂಟರ ಸದ್ದು ಮಾತ್ರ.

ಕೂರಿಸುವುದು ನೋಡಲು ನೀವಿರಬೇಕಿತ್ತು. ಚಕ್ರದ ನಡುವಿನ ತೂತು, ಅದು ಹೋಗಿ ಕೂರುವ ಕಾರಿನ ಹಬ್ ಎನ್ನುವ ಗುಬುಟಿಗಿಂತ ಸ್ವಲ್ಪ ದೊಡ್ಡದು. ನಿಮ್ಮ ಮಾತಿನಲ್ಲಿ ಹೇಳಬೇಕೆಂದರೆ ಕಾಜಾ ದೊಡ್ಡದು, ಗುಂಡಿ ಚಿಕ್ಕದು. ಹಾಗೇ ಬಿಟ್ಟರೆ ಮತ್ತೆ ನಡುಕ. ಅದಕ್ಕೆ ನಡುವೆ ಒಂದು ಬಳೆಯಂಥ ರಿಂಗು ಕೂರಿಸಿದರು. ಕೊನೆಗೆ ನಟ್ಟು ಬಿಗಿಯುವುದು, ಅದು ನನಗೆ ಬಿಟ್ಟರು. ನಾನು ಲಿಫ್ಟಿನಲ್ಲಿ ದಿನವೂ ಹಿಡಿಯುವಂಥದೇ ಸ್ಪ್ಯಾನರು. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಮೊದಲೇ ತಿರುಗಿಸಿ ಇಟ್ಟುಕೊಂಡರೆ ಸರಿ, ಅಷ್ಟಾದ ಕೂಡಲೇ ಕೈಯಲ್ಲಿ "ಟಕ್" ಅನ್ನುತ್ತದೆ. ಇಷ್ಟು ಸಾಕು ಎಂದು ಅದೇ ಹೇಳುತ್ತದೆ. ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಪ್ರತಿ ಟಕ್ಕಿಗೂ ನೀವು ನೆನಪಾದಿರಿ, ಯಾಕೆಂದು ಬರೆಯುವುದಿಲ್ಲ.

ಏಪ್ರಿಲ್ ಮೊದಲ ಭಾನುವಾರ ಬರುತ್ತೇನೆ.

ಪುಟ್ಟಿ


ಮಾರ್ಚ್ ೨೨

ಪುಟ್ಟಿ,

ನಿನ್ನ ಕಾಗದವನ್ನು ಗಾಳಿಯಣ್ಣನಿಗೂ ಓದಿ ಹೇಳಿದೆ. ಸರ್ರ್ ಎಂದಲ್ಲಿ ಅವನು "ನಾನು ಹೇಳಿರ್ಲಿಲ್ವಾ" ಅಂದ. ಅವನು ಹೇಳಿದ್ದು ಸೊಂಟದ ವಿಷಯ, ಆದರೂ ಒಪ್ಪಿಕೊಂಡೆ.

ಹದಿನೆಂಟು ಇಂಚಿನದು ತಗೊಂಡೆ ಎಂದು ಒಂದು ಸಾಲು ಬರೆದಿದ್ದೀಯ. ಯಾಕೆ ಎಂದು ಅದರ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ನಾನು ಏಳನೆಯ ಕ್ಲಾಸನ್ನು ಎರಡು ಸಲ ಸೇರಿ ಎರಡು ಸಲ ಬಿಟ್ಟವನು, ಓದುವುದು ನಿಧಾನ. ಆ ಸಾಲನ್ನು ಇನ್ನೂ ನಿಧಾನವಾಗಿ ಓದಿದೆ.

ನಿನ್ನ ಶಾಲೆಯ ಲಂಗಕ್ಕೆ ನಾನು ಯಾವಾಗಲೂ ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಬಿಡುತ್ತಿದ್ದೆ. ದಪ್ಪ ಕಾಣುತ್ತದೆ, ಎಲ್ಲರೂ ನಗುತ್ತಾರೆ ಎಂದು ನೀನು ಅಳುತ್ತಿದ್ದೆ. ಬೆಳೆಯುವವಳಿಗೆ ಜಾಗ ಬೇಡವಾ ಎಂದು ನಾನು. ಈಗ ನೀನು ಕಂಚಿನ ಬಣ್ಣ ಬಿಟ್ಟು ಮಡ್‌ಗಾರ್ಡಿನೊಳಗೆ ನಮಗೆ ಜಾಗ ಬಿಟ್ಟಿದ್ದೀಯ. ಐದು ಕಡ್ಡಿ, ದಪ್ಪ ಬೇರೆ.

ಆದರೆ ಪುಟ್ಟಿ, ನನ್ನಿಂದ ಆಗುವುದಿಲ್ಲ. ಶಾಲೆಯ ಯೂನಿಫಾರಮ್ಮಿನ ಕೆಲಸ ಶುರುವಾಗುತ್ತದೆ. ಮೆಷಿನ್ನಿನ ಬೆಲ್ಟು ಸಡಿಲವಾಗಿದೆ. ಹಿತ್ತಲಿನ ಬೆಕ್ಕು ಮರಿ ಹಾಕುವುದರಲ್ಲಿದೆ. ಇವೆಲ್ಲ ನೆಪ ಎಂದು ನಿನಗೆ ಗೊತ್ತು. ನಿಜ ಹೇಳುತ್ತೇನೆ. ಕಾರು ಉರುಳೀತು ಎಂದು ನನಗೆ ಭಯವಿಲ್ಲ, ಅಥವಾ ಅದೂ ಇದೆ. ದೊಡ್ಡ ಭಯ ಬೇರೆ. ನಾನು ತಿರುವಿನಲ್ಲಿ ಕೂಗಿಕೊಂಡರೆ ನಿನ್ನ ಕೈ ನಡುಗಬಹುದು. ನನ್ನ ಭಯದಿಂದ ನಿನಗೆ ಏನಾದರೂ ಆದರೆ? ನಾನು ಮನೆಯಲ್ಲೇ ಇದ್ದರೆ ನನ್ನ ಭಯವೂ ಮನೆಯಲ್ಲೇ ಇರುತ್ತದೆ.

ನೀನು ಬಂದು ಅಮ್ಮನನ್ನು ಕರೆದುಕೊಂಡು ಹೋಗು. ಅವಳು ಅಂದಾಜು ಅರವತ್ತು ಕಿಲೋ, ಆರಾಮವಾಗಿ ಕೂರಬಹುದು.

ನಿನ್ನ ಅಪ್ಪ

ಅಮ್ಮನದು: ಹೋದ ವಾರ ಇವರು ಒಂದು ಹೊಸ ಶರಟು ಹೊಲಿದರು. ಯಾವ ಗಿರಾಕಿದು ಅಂದೆ, ಮೆಷಿನ್ ಜೋರು ಮಾಡಿದರು. ಇವರದೇ ಅಳತೆ. ಗುಂಡಿ ಹಾಕೋ ಒಳಜೇಬು ಬೇರೆ ಇಟ್ಟಿದ್ದಾರೆ. ಎಲ್ಲಿಗೂ ಹೋಗದವರಿಗೆ ಒಳಜೇಬು ಯಾಕಮ್ಮ?


ಮಾರ್ಚ್ ೨೭

ಅಪ್ಪಾ,

ಎರಡೇ ಮಾತು, ಕೆಲಸಕ್ಕೆ ಹೊರಟಿದ್ದೇನೆ.

ಒಂದು: ಕೂಗಿಕೊಳ್ಳಿ. ಪೇಂಟರು ದಾರಿಯುದ್ದಕ್ಕೂ ಕೂಗಿದ, ನನ್ನ ಕೈ ನಡುಗಲಿಲ್ಲ. ಕೆಲಸ ಸಿಕ್ಕಿ ಹೊರಡುವ ತನಕ ನಿಮ್ಮ ಜೊತೆಯಲ್ಲೇ ಬೆಳೆದವಳು ನಾನು, ಅಷ್ಟು ಅಭ್ಯಾಸ ಯಾವ ಡ್ರೈವರಿಗೂ ಇಲ್ಲ.

ಎರಡು: ಹೊಸ ಚಕ್ರ ಹಾಕಿಸಿ ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಇನ್ನೊಂದು ಸಲ ಬಿಗಿದು ನೋಡಬೇಕು. ಇದು ಚಕ್ರದಕ್ಕನ ಕಟ್ಟಪ್ಪಣೆ. ಹಾಕಿಸಿದಂದಿನಿಂದ ಕಾರು ನಿಂತೇ ಇದೆ, ಇಲ್ಲಿಂದ ನಮ್ಮ ಮನೆಗೆ ಸರಿಯಾಗಿ ಅಷ್ಟೇ ದೂರ. ಸ್ಪ್ಯಾನರು ನಾನು ತರುತ್ತೇನೆ. ಬಿಗಿಯುವುದು ನೀವು, ಚಕ್ರಕ್ಕೆ ಐದರಂತೆ ಇಪ್ಪತ್ತೂ ನೀವೇ. ನಿಮ್ಮ ಕೈಯಾರೆ ಬಿಗಿದದ್ದನ್ನೂ ನೀವು ನಂಬದಿದ್ದರೆ ನಾನು ಒತ್ತಾಯ ಮಾಡುವುದಿಲ್ಲ.

ಪುಟ್ಟಿ


ಏಪ್ರಿಲ್ ೯

ಗಾಳಿಯಣ್ಣಾ,

ಈ ಕಾಗದ ಮಗಳ ರೂಮಿನಿಂದ ಬರೆಯುತ್ತಿದ್ದೇನೆ. ಫೋನ್ ಮಾಡು ಎಂದು ಇವರಿಬ್ಬರೂ ಅಂದರು. ಗಂಟೆ ಹೊಡೆದರೆ ನೀನು ಏನೋ ಆಯಿತು ಎಂದು ಹೆದರಿ ಯಾರದೋ ಟೈರಿಗೆ ಜಾಸ್ತಿ ಗಾಳಿ ಹೊಡೆದುಬಿಟ್ಟೀಯೆ ಎಂದು ಕಾಗದವೇ ಇರಲಿ ಅಂದೆ. ಏನೂ ಆಗಿಲ್ಲ. ನಾವು ಬಂದು ಸೇರಿದ್ದೇವೆ.

ಹೊರಡುವ ಮುಂಚೆ ಆದದ್ದನ್ನು ನೀನೇ ಕಟ್ಟೆಯ ಮೇಲೆ ಕೂತು ನೋಡಿದ್ದೀಯ, ನಗುತ್ತಲೂ ಇದ್ದೆ. ನಾನು ಇಪ್ಪತ್ತು ನಟ್ಟನ್ನೂ ಬಿಗಿದು, ನಂಬಿಕೆಯಾಗದೆ ಮತ್ತೆ ಮೊದಲಿನಿಂದ ಶುರುಮಾಡಿದಾಗ ಮಗಳು ಬಗ್ಗಿ ನನ್ನ ಕಿವಿಯಲ್ಲಿ ಏನೋ ಅಂದಳಲ್ಲ, ಏನು ಎಂದು ನೀನು ಕೇಳಿದೆ, ನಾನು ಹೇಳಲಿಲ್ಲ. ಅವಳು ಅಂದದ್ದು ಇಷ್ಟೇ: "ಅಪ್ಪಾ, ಸ್ಪ್ಯಾನರು ಸಾಕು ಅಂತಿದೆ, ಕೇಳಿಸ್ತಾ ಇಲ್ವಾ?" ನನ್ನ ಇಷ್ಟು ವರ್ಷದ ಬಾಳಿನಲ್ಲಿ ಇಷ್ಟು ಸಾಕು ಎಂದು ನನಗೆ ಹೇಳುವ ಒಂದು ಸಾಮಾನನ್ನು ನಾನು ಕೈಯಲ್ಲಿ ಹಿಡಿದಿರಲಿಲ್ಲ ಮಾರಾಯ. ಕತ್ತರಿ ಹೇಳುವುದಿಲ್ಲ, ಟೇಪು ಹೇಳುವುದಿಲ್ಲ. ಆಮೇಲೆ ನಾನು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡಿದೆ. ಎರಡು ಬೆರಳು ಸಲೀಸಾಗಿ ಹೋಯಿತು. ಅಮ್ಮ ಹತ್ತಿ ಕೂರಲಿ ಎಂದು ಮಗಳಿಗೆ ಅಂದೆ. ಅವಳು ಕೂತಳು, ಕಾರು ಕೂತಿತು, ಆದರೂ ಬೆರಳು ಹಿಡಿಯಿತು. ಅರವತ್ತಕ್ಕೆ ಕಾರು ಅಷ್ಟು ಕೂರಬಾರದಿತ್ತು ಅನಿಸಿತು, ಕೇಳಲಿಲ್ಲ. ನಾನೂ ಹತ್ತಿದೆ.

ದಾರಿಯ ವಿಷಯ ಕೇಳು. ಮೊದಲು ನಾನು ಕೂಗಿಕೊಂಡೆ. ಲಾರಿಗೆ ಕೂಗಿದೆ, ಸೈಕಲ್ಲಿಗೆ ಕೂಗಿದೆ, ಎಲ್ಲೋ ದೂರದಲ್ಲಿ ಮೇಯುತ್ತಿದ್ದ ಒಂದು ಎಮ್ಮೆಗೂ ಕೂಗಿದೆ. ಮಗಳು "ಹ್ಞೂಂ ಅಪ್ಪಾ, ನೋಡಿದೆ" ಅನ್ನುತ್ತಿದ್ದಳು, ಕೈ ಮಾತ್ರ ಅಲ್ಲಾಡಲಿಲ್ಲ. ಇತ್ತ ನನ್ನ ಪಕ್ಕ ಕೂತ ಇವಳು "ಇನ್ನೂ ಸ್ವಲ್ಪ ಜೋರಾಗಿ ಹೋಗ್ಬಹುದಲ್ಲ" ಎಂದು ಮುಂದಿನ ಸೀಟಿಗೆ ಬಾಗಿ ಬಾಗಿ ಹೇಳುತ್ತಿದ್ದಳು. ಉಬ್ಬು ಬಂದಾಗಲೆಲ್ಲ ನಾನು ಉಸಿರು ಬಿಗಿಹಿಡಿದು ಆ ಸರ್ರ್ ಸದ್ದಿಗೆ ಕಾದೆ. ಬರಲಿಲ್ಲ. ಇನ್ನೊಂದು ಉಬ್ಬು, ಬರಲಿಲ್ಲ. ಎಲ್ಲಿಯವರೆಗೆ ಕಾದೆನೋ ನನಗೆ ನೆನಪಿಲ್ಲ. ಯಾಕೆ ಎನ್ನುವುದು ಕೊನೆಗೆ ಹೇಳುತ್ತೇನೆ.

ರೂಮು ಮೂರನೆಯ ಮಹಡಿ. ಕಿಟಕಿ ಪೂರ್ವಕ್ಕಿದೆ. ಬೆಳಿಗ್ಗೆ ಬಿಸಿಲು ನೇರ ಅವಳ ಮಂಚದ ಮೇಲೆ ಬೀಳುತ್ತದೆ, ಪರದೆ ಗಿಡ್ಡ. ನಾಳೆ ಹೊಲಿಯುತ್ತೇನೆ. ಲಿಫ್ಟಿನಲ್ಲಿ ಹತ್ತಿದೆ ಮಾರಾಯ! ಅದರ ಹಗ್ಗ ನೋಡುವವಳು ಮಗಳೇ ಅಂದ ಮೇಲೆ ಮೆಟ್ಟಿಲು ಹತ್ತುವುದು ಅವಳಿಗೆ ಅವಮಾನವಲ್ಲವಾ. ಚಕ್ರದ ಅಂಗಡಿಗೂ ಹೋಗಿದ್ದೆವು. ನಾನು ಹೊಲಿದ ಕವರಿನ ಮೇಲೆ ನಾನೇ ಕೂತು ಕಾಫಿ ಕುಡಿದೆ. ಕಂಚಿನ ಚಕ್ರಗಳು ಇನ್ನೂ ಗೋಡೆಯ ಮೇಲಿವೆ. ಮಗಳು ಆ ಕಡೆ ನೋಡಲಿಲ್ಲ. ನಾನು ನೋಡಿದೆ. ಚೆಂದವೇ. ಚಕ್ರದಕ್ಕ ಎನ್ನುವ ಹೆಂಗಸು ನನ್ನ ಕೈಗೆ ಟೇಪು ಕೊಟ್ಟು, "ಈ ಸಲ ಹೊರಗಿನಿಂದ ಅಳೀರಿ" ಅಂದಳು. ಟೈರಿನ ಹೊರಗಿನಿಂದಲೇ ಅಳೆದೆ. ಇಪ್ಪತ್ತಾರು. ಸಡಿಲಕ್ಕೆ ಅರ್ಧ. ಅಲ್ಲಿದ್ದ ಪೇಂಟರು ನನ್ನನ್ನು ಕಂಡೊಡನೆ ಎದ್ದು ನಿಂತು, "ನಿಮ್ಮ ಜಾಗದಲ್ಲಿ ಕೂತು ಬಂದವನು ನಾನೇ, ಬಹಳ ಕಷ್ಟದ ಕೆಲಸ" ಅಂದ.

ಈಗ ಕೊನೆಯದು. ನಾನು ನಿದ್ದೆ ಹೋಗಿದ್ದೆ ಗಾಳಿಯಣ್ಣಾ. ಕಾರಿನಲ್ಲಿ! ಬಸ್ಸಿನಲ್ಲಿ ಕಣ್ಣು ಮಿಟುಕಿಸಲೂ ಹೆದರುವವನು ನಾನು, ಇವಳ ಭುಜಕ್ಕೆ ತಲೆ ಕೊಟ್ಟು ಬಾಯಿ ತೆರೆದು ಮಲಗಿದ್ದೆನಂತೆ. ಕಣ್ಣು ಬಿಟ್ಟಾಗ ಕಾರು ಒಂದು ಬೇಕರಿಯ ಮುಂದೆ ಮೆಲ್ಲಗೆ ಹೋಗುತ್ತಿತ್ತು. ಇನ್ನೆಷ್ಟು ದೂರ ಎಂದು ಕೇಳಿದೆ. ಇವಳಿಗೆ ನಗು ತಡೆಯಲಾಗಲಿಲ್ಲ.

"ಮನೆ ಬಂದು ಬಹಳ ಹೊತ್ತಾಯ್ತು" ಅಂದಳು. "ನೀವು ಎದ್ದುಬಿಟ್ಟೀರಿ ಅಂತ ನಿಲ್ಲಿಸದೆ ಬೀದಿ ಸುತ್ತುತಾ ಇದಾಳೆ. ಈ ಬೇಕರೀನ ನಾನು ನೋಡ್ತಿರೋದು ಇದು ನಾಲ್ಕನೇ ಸಲ."

"ಎಬ್ಬಿಸಬಾರದಾಗಿತ್ತಾ ಪುಟ್ಟಿ?" ಅಂದೆ.

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ಏಳು ವರ್ಷ ಕಾದಿದೀನಿ. ನಾಲ್ಕು ಸುತ್ತು ಏನು ಮಹಾ" ಅಂದಳು.

ನಾನು ಮತ್ತೆ ಕಣ್ಣು ಮುಚ್ಚಿದೆ. ನಿದ್ದೆ ಬಂದಿರಲಿಲ್ಲ. ಐದನೆಯ ಸುತ್ತು ನೋಡೋಣ ಎಂದು.

ಅಂಗಡಿ ಬಾಗಿಲಿಗೆ "ಟೈಲರು ಊರಿನಲ್ಲಿಲ್ಲ" ಎಂದು ಒಂದು ಚೀಟಿ ಅಂಟಿಸು. ಯಾವಾಗ ಬರುತ್ತಾರೆ ಎಂದು ಕೇಳಿದರೆ ಗೊತ್ತಿಲ್ಲ ಅನ್ನು. ಬೆಕ್ಕಿಗೆ ಹಾಲು ಮರೆಯಬೇಡ.

ಎದುರುಮನೆಯ ಟೈಲರು